ಮುಳುಗಿದ ಹಡಗನ್ನು ನೋಡುವ ಕ್ರಮ: ಸ್ಟಾಕ್‌ಹೋಮ್‌ನ ವಾಸಾ ಮ್ಯೂಸಿಯಂಗೆ ಹೊರಟವರಿಗೆ

ಊರಿನಿಂದ ಯಾರೇ ಬರಲಿ, ನಾವು ಸ್ಟಾಕ್‌ಹೋಮ್‌ನಲ್ಲಿ ಅವರನ್ನು ಮೊದಲು ಕರೆದುಕೊಂಡು ಹೋಗುವುದು ವಾಸಾ ಮ್ಯೂಸಿಯಂಗೆ. ಮೊದಲ ಪಯಣದಲ್ಲೇ ಮುಳುಗಿ, ಮುನ್ನೂರು ವರ್ಷದ ಮೇಲೆ ಎತ್ತಿದ ವಾಸಾ ಅನ್ನುವ ಯುದ್ಧನೌಕೆಯನ್ನು ಇಟ್ಟಿರುವುದು ಅಲ್ಲಿ. ಎಷ್ಟು ಸಲ ಹೋಗಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಮೊದಲ ಎರಡು ಸಲ ಮಾತ್ರ ದುಡ್ಡು ದಂಡ. ಒಳಗೆ ಹೋದೆವು, "ಅಬ್ಬಾ ಎಷ್ಟು ದೊಡ್ಡದು!" ಅಂದೆವು, ಹಡಗಿನ ಮುಂದೆ ನಿಂತು ಫೋಟೋ ಹೊಡೆಸಿಕೊಂಡೆವು, ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದೆವು.

ಮೂರನೇ ಸಲ ಹೊನ್ನಾವರದಿಂದ ನಮ್ಮ ಮಾವ ಬಂದಿದ್ದರು. ಅವರು ಹಡಗಿನ ಪಕ್ಕದಲ್ಲಿ ನಿಂತು ಕೆಳಸಾಲಿನ ಫಿರಂಗಿ ಕಿಂಡಿಗಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ತಂಗೀ, ಇಷ್ಟು ಕೆಳಗೆ ಕಿಂಡಿ ಇಟ್ರೆ ನೀರು ನುಗ್ಗದೇ ಇರ್ತದಾ?" ಅಂದರು. ನಾನು ಅಷ್ಟು ಹೊತ್ತು ಓದುತ್ತಿದ್ದ ಫಲಕದಲ್ಲಿ ಇದ್ದದ್ದೂ ಅದೇ. ಅವತ್ತು ನಾವು ನಾಲ್ಕು ಗಂಟೆ ಒಳಗಿದ್ದೆವು.

ಆವತ್ತಿನಿಂದ ಇದೇ ನನ್ನ ಕ್ರಮ: ಈ ಹಡಗು ಯಾಕೆ ಮುಳುಗಿತು ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಹಡಗನ್ನು ನೋಡಬೇಕು. ಉಲ್ಟಾ ಮಾಡಿದರೆ ಕಾಣುವುದು ಬರೀ ಒಂದು ದೊಡ್ಡ ಕಪ್ಪು ಮರದ ರಾಶಿ.

ಹೋಗುವ ಮೊದಲು: ಐದು ನಿಮಿಷದ ಕಥೆ

ಮ್ಯೂಸಿಯಂನಲ್ಲಿ ಕನ್ನಡದ ಫಲಕಗಳಿಲ್ಲ. ಜೊತೆಗೆ ಬಂದ ಅಪ್ಪ ಅಮ್ಮನಿಗೆ ಹೇಳುವವರು ನೀವೇ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಇಷ್ಟು ಹೇಳಿಟ್ಟರೆ ಸಾಕು.

ಸ್ವೀಡನ್ನಿನ ರಾಜ ಎರಡನೇ ಗುಸ್ತಾವ್ ಅಡಾಲ್ಫ್‌ಗೆ ಪೋಲೆಂಡ್ ಜೊತೆ ಯುದ್ಧ ನಡೆಯುತ್ತಿತ್ತು. ಅದಕ್ಕಾಗಿ ಭಾರಿ ಯುದ್ಧನೌಕೆಗಳನ್ನು ಕಟ್ಟಿಸಿದ. ಅದರಲ್ಲಿ ಒಂದು ವಾಸಾ. 1626ರಲ್ಲಿ ಕೆಲಸ ಶುರು. ಕಟ್ಟುವ ಹೊಣೆ ಹೊತ್ತವನು ಹೆನ್ರಿಕ್ ಹೈಬರ್ಟ್‌ಸನ್ ಅನ್ನುವ ಡಚ್ ಮೇಸ್ತ್ರಿ. ಅವನು ಕಾಯಿಲೆ ಬಿದ್ದು 1627ರಲ್ಲಿ ತೀರಿಕೊಂಡ. ಅವನ ಸಹಾಯಕ ಹೆನ್ರಿಕ್ ಯಾಕಬ್‌ಸನ್ ಕೆಲಸ ಮುಗಿಸಿದ. ಮೇಸ್ತ್ರಿಯ ಹೆಂಡತಿ ಮಾರ್ಗರೆಟಾ ನಿಲ್ಸ್‌ಡಾಟರ್ ವ್ಯವಹಾರ ನೋಡಿಕೊಂಡಳು.

ಹೊರಡುವ ಮೊದಲು ಒಂದು ಪರೀಕ್ಷೆ ನಡೆಯಿತು. ಮೂವತ್ತು ಜನ ಹಡಗಿನ ಮೇಲೆ ಈ ಬದಿಯಿಂದ ಆ ಬದಿಗೆ ಒಟ್ಟಿಗೆ ಓಡಬೇಕು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ, ನೋಡುತ್ತಿದ್ದ ಅಡ್ಮಿರಲ್ ಫ್ಲೆಮಿಂಗ್ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ. ಪರೀಕ್ಷೆ ನಿಂತಿತು, ಹಡಗು ನಿಲ್ಲಲಿಲ್ಲ. ರಾಜ ದೂರದ ಯುದ್ಧಭೂಮಿಯಲ್ಲಿದ್ದ, ಹಡಗು ಬೇಗ ಬರಲಿ ಅಂತ ಅವಸರ ಮಾಡುತ್ತಿದ್ದ. ಬೇಡ ಅನ್ನುವ ಧೈರ್ಯ ಯಾರಿಗಿತ್ತು?

1628ರ ಆಗಸ್ಟ್ 10, ಭಾನುವಾರ. ದಡದ ತುಂಬ ಜನ. ಹತ್ತು ಹಾಯಿಗಳಲ್ಲಿ ನಾಲ್ಕನ್ನು ಮಾತ್ರ ಬಿಚ್ಚಿದ್ದರು. ಒಂದು ಗಾಳಿ ಬಂತು, ಹಡಗು ವಾಲಿತು, ಎದ್ದಿತು. ಇನ್ನೊಂದು ಗಾಳಿ ಬಂತು, ಈ ಸಲ ಏಳಲಿಲ್ಲ. ತೆರೆದಿದ್ದ ಕಿಂಡಿಗಳೊಳಗೆ ನೀರು ನುಗ್ಗಿತು. ಹೊರಟು ಸುಮಾರು 1300 ಮೀಟರ್ ಆಗಿತ್ತು ಅಷ್ಟೇ. ಮೊದಲ ಪಯಣ ಅಂತ ಹೆಂಗಸರು ಮಕ್ಕಳೂ ಹತ್ತಿದ್ದರು. ಸುಮಾರು 30 ಜನ ಸತ್ತರು.

ಆಮೇಲೆ ವಿಚಾರಣೆ ನಡೆಯಿತು. ಕ್ಯಾಪ್ಟನ್ ಸೋಫ್ರಿಂಗ್ ಹಾನ್ಸನ್‌ನನ್ನು ಹಿಡಿದರು. ಕುಡಿದಿದ್ದೆಯಾ, ಫಿರಂಗಿ ಸರಿಯಾಗಿ ಕಟ್ಟಿರಲಿಲ್ಲವಾ ಅಂತ ಕೇಳಿದರು. ಹಡಗು ಕಟ್ಟಿದವರು, ಅಳತೆಗೆ ರಾಜನೇ ಒಪ್ಪಿಗೆ ಕೊಟ್ಟಿದ್ದ ಅಂದರು. ಮೇಸ್ತ್ರಿ ಸತ್ತಿದ್ದ. ರಾಜನನ್ನು ಕೇಳುವವರಿಲ್ಲ. ಕೊನೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಈ ಭಾಗ ಹೇಳುವಾಗ ನಮ್ಮ ಮನೆಗೆ ಬಂದವರೆಲ್ಲ ನಗುತ್ತಾರೆ. ಇಂಥ ವಿಚಾರಣೆಗಳ ಪರಿಚಯ ನಮಗೂ ಇದೆ, ಅಲ್ವಾ.

ಯಾವಾಗ ಹೋಗಬೇಕು

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ, ಇಲ್ಲವೇ ಮುಚ್ಚುವ ಮೊದಲಿನ ಮೂರು ಗಂಟೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಬೇಗ ತೆರೆಯುತ್ತದೆ, ಚಳಿಗಾಲದಲ್ಲಿ ತಡ. ಸಮಯ ಬದಲಾಗುತ್ತಿರುತ್ತದೆ, ಹೋಗುವ ದಿನ ಮ್ಯೂಸಿಯಂನ ವೆಬ್‌ಸೈಟ್ ಒಮ್ಮೆ ನೋಡಿ. ಜುಲೈನಲ್ಲಿ ಹನ್ನೊಂದು ಗಂಟೆಗೆ ಹೋಗಬೇಡಿ. ಪ್ರವಾಸಿ ಬಸ್ಸುಗಳು, ಕ್ರೂಸ್ ಹಡಗಿನ ಗುಂಪುಗಳು ಒಟ್ಟಿಗೇ ಬರುವ ಹೊತ್ತು ಅದು. ನಾನು ಒಮ್ಮೆ ಅಮ್ಮನನ್ನು ಕರೆದುಕೊಂಡು ಆ ಹೊತ್ತಿಗೆ ಹೋಗಿದ್ದೆ. ಅವರು ಹಡಗಿಗಿಂತ ಜನರ ಬೆನ್ನನ್ನೇ ಜಾಸ್ತಿ ನೋಡಿದರು.

ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಬಹುದು. ಹದಿನೆಂಟು ವರ್ಷದವರೆಗೆ ಮಕ್ಕಳಿಗೆ ಉಚಿತ. ಸ್ವೀಡನ್ನಿನಲ್ಲಿ ನೋಟು ಮುಟ್ಟುವವರೇ ಕಡಿಮೆ, ಕಾರ್ಡ್ ಇಲ್ಲದೆ ಹೊರಡಬೇಡಿ. ಊರಿನಿಂದ ಬಂದವರು ಏರ್‌ಪೋರ್ಟ್‌ನಲ್ಲಿ ಬದಲಾಯಿಸಿ ತಂದ ಕ್ರೋನಾ ನೋಟುಗಳು ನಮ್ಮ ಮನೆಯ ಡ್ರಾಯರ್‌ನಲ್ಲಿ ಇನ್ನೂ ಹಾಗೇ ಇವೆ.

ದಾರಿ: ಬೋಟಿನಲ್ಲೇ ಹೋಗಿ

ಮ್ಯೂಸಿಯಂ ಇರುವುದು ಯೂರ್‌ಗೋರ್ಡೆನ್ ದ್ವೀಪದಲ್ಲಿ. ಸೆಂಟ್ರಲ್ ಸ್ಟೇಷನ್ ಹತ್ತಿರದಿಂದ 7ನೇ ನಂಬರ್ ಟ್ರಾಮ್ ನೇರವಾಗಿ ಹೋಗುತ್ತದೆ. ಇಳಿಯುವ ಸ್ಟಾಪಿನ ಹೆಸರಿನಲ್ಲೇ ಮ್ಯೂಸಿಯಂ ಇದೆ. ಎಲ್ಲರೂ ಹಾಗೇ ಹೋಗುತ್ತಾರೆ. ಮಂಡಿನೋವು ಇರುವವರಿದ್ದರೆ, ಮಳೆ ಇದ್ದರೆ, ನೀವೂ ಹಾಗೇ ಹೋಗಿ.

ಉಳಿದವರಿಗೆ ನನ್ನ ಮಾತು ಬೇರೆ. ಸ್ಲುಸ್ಸೆನ್ ಅನ್ನುವ ಮೆಟ್ರೋ ಸ್ಟೇಷನ್‌ಗೆ ಹೋಗಿ ಅಲ್ಲಿಂದ ಯೂರ್‌ಗೋರ್ಡೆನ್‌ಗೆ ಹೋಗುವ ಫೆರ್ರಿ ಹಿಡಿಯಿರಿ. ಇದು ಪ್ರವಾಸಿಗರ ಬೋಟ್ ಅಲ್ಲ, ಊರಿನ ಬಸ್ಸಿನ ಹಾಗೆ. ಮೆಟ್ರೋಗೆ ತೆಗೆದುಕೊಂಡ 75 ನಿಮಿಷದ ಟಿಕೆಟ್ ಇದಕ್ಕೂ ನಡೆಯುತ್ತದೆ.

ಯಾಕೆ ಬೋಟು ಅಂದರೆ, ವಾಸಾ ಹೋದದ್ದೂ ಈ ನೀರಿನಲ್ಲೇ. ಅರಮನೆಯ ಕೆಳಗಿನಿಂದ ಹೊರಟು, ಸೋಡರ್‌ಮಾಲ್ಮ್ ದ್ವೀಪದ ಕಡಿದಾದ ಬಂಡೆಗಳ ಪಕ್ಕದಲ್ಲಿ ಹಾಯಿ ಬಿಚ್ಚಿ, ಬೆಕ್‌ಹೋಲ್ಮೆನ್ ಅನ್ನುವ ಪುಟ್ಟ ದ್ವೀಪದ ಹತ್ತಿರ ಮುಳುಗಿತು. ಬೋಟಿನ ಹೊರಗೆ, ಬಲಗಡೆ ನಿಂತುಕೊಳ್ಳಿ. ಬಂಡೆಗಳು ಬಲಕ್ಕೆ ಕಾಣುತ್ತವೆ. ದಡ ಸೇರುವ ಹೊತ್ತಿಗೆ ಬೆಕ್‌ಹೋಲ್ಮೆನ್ ಕಾಣುತ್ತದೆ. ಇಡೀ ಬೋಟಿನ ಪಯಣ ಹತ್ತು ನಿಮಿಷ ಚಿಲ್ಲರೆ. "ಮುಗೀತಾ? ಇಷ್ಟೇನಾ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹೂಂ, ಹೆಚ್ಚುಕಡಿಮೆ ಇಷ್ಟೇ. ಎರಡು ವರ್ಷ ಕಟ್ಟಿದ ಹಡಗು ಹೋದದ್ದು ಇಷ್ಟೇ ದೂರ. ಆ ಬೆರಗು ಟ್ರಾಮಿನಲ್ಲಿ ಬಂದವರಿಗೆ ಸಿಗುವುದಿಲ್ಲ.

ಬೋಟು ನಿಲ್ಲುವುದು ಗ್ರೋನಾ ಲುಂಡ್ ಅಮ್ಯೂಸ್‌ಮೆಂಟ್ ಪಾರ್ಕಿನ ಬಾಗಿಲಲ್ಲಿ. ಮಕ್ಕಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಆ ಬಾಗಿಲನ್ನು ದಾಟಿ. ಅಲ್ಲಿಂದ ಹತ್ತು ನಿಮಿಷ ನಡಿಗೆ. ದೂರದಿಂದಲೇ ಮ್ಯೂಸಿಯಂನ ಚಾವಣಿಯ ಮೇಲೆ ಕೂವೆಮರಗಳ, ಅಂದರೆ ಹಾಯಿ ಕಟ್ಟುವ ಕಂಬಗಳ, ಹಾಗೆ ನೆಟ್ಟ ಕಂಬಗಳು ಕಾಣುತ್ತವೆ. ಅಲಂಕಾರಕ್ಕೆ ಅಂತ ಸುಮ್ನೆ ಇಟ್ಟದ್ದಲ್ಲ. ಹಡಗಿಗೆ ಪೂರ್ತಿ ಕೂವೆಮರ ಇದ್ದಾಗ ಎಷ್ಟು ಎತ್ತರ ಇರುತ್ತಿತ್ತು ಅನ್ನುವುದನ್ನು ಅವು ತೋರಿಸುತ್ತವೆ: ತಳದಿಂದ ತುದಿಗೆ ಸುಮಾರು 52 ಮೀಟರ್. ಹೊರಗೆ ನಿಂತಾಗಲೇ ಅದನ್ನು ತೋರಿಸಿಬಿಡಿ. ಒಳಗೆ ಹೋದ ಮೇಲೆ ಆ ಎತ್ತರ ಊಹೆಗೆ ಸಿಗುವುದಿಲ್ಲ.

ಬಾಗಿಲಲ್ಲಿ: ಜರ್ಕಿನ್ ಕಳಚಿ, ಸ್ವೆಟರ್ ಇಟ್ಟುಕೊಳ್ಳಿ

ಒದ್ದೆ ಜರ್ಕಿನ್, ಛತ್ರಿ ಎಲ್ಲವನ್ನೂ ಬಾಗಿಲ ಹತ್ತಿರವೇ ಬಿಡಿ. ಇದಕ್ಕೊಂದು ಕಾರಣ ಇದೆ. 2000ನೇ ಇಸವಿಯ ಬೇಸಿಗೆಯಲ್ಲಿ ಇಲ್ಲಿ ವಿಪರೀತ ಮಳೆ. ಒದ್ದೆ ಬಟ್ಟೆಯ ಜನ ಸಾಲುಸಾಲಾಗಿ ಒಳಗೆ ಬಂದರು. ಒಳಗಿನ ಗಾಳಿಯಲ್ಲಿ ತೇವ ಏರಿತು. ಹಡಗಿನ ಮರದ ಮೇಲೆ ಅಲ್ಲಲ್ಲಿ ಬಿಳಿ, ಹಳದಿ ಬಣ್ಣದ ಉಪ್ಪು ಎದ್ದು ಬಂತು. ಪರೀಕ್ಷೆ ಮಾಡಿದರೆ ಮರದೊಳಗೆ ಗಂಧಕ ತುಂಬಿತ್ತು, ಅದು ಆಮ್ಲವಾಗುತ್ತಿತ್ತು. ಆಮೇಲೆ ಗಾಳಿಯ ವ್ಯವಸ್ಥೆಯನ್ನೇ ಬದಲಾಯಿಸಿದರು. ಈಗ ಒಳಗೆ ಉಷ್ಣಾಂಶ 18ರಿಂದ 20 ಡಿಗ್ರಿ, ತೇವಾಂಶ ಶೇಕಡಾ 55ರ ಆಸುಪಾಸು, ವರ್ಷಪೂರ್ತಿ ಒಂದೇ ಥರ.

ಅಂದರೆ ನಮ್ಮವರಿಗೆ ಒಳಗೆ ಸ್ವಲ್ಪ ಚಳಿ. ಬೇಸಿಗೆಯಲ್ಲಿ ಹತ್ತಿ ಸೀರೆಯಲ್ಲಿ ಬಂದ ಅಮ್ಮಂದಿರಿಗೆ ಒಂದು ಸ್ವೆಟರ್ ಬೇಕೇ ಬೇಕು. ಬೆಳಕೂ ಕಮ್ಮಿ. ಹೊರಗಿನ ಬಿಸಿಲಿನಿಂದ ಬಂದಾಗ ಗರ್ಭಗುಡಿಯ ಮುಂದೆ ನಿಂತ ಹಾಗೆ, ಒಂದೆರಡು ನಿಮಿಷ ಕಣ್ಣಿಗೆ ಏನೂ ಕಾಣುವುದಿಲ್ಲ. ಹಿರಿಯರನ್ನು ಅಲ್ಲೇ ನಿಲ್ಲಿಸಿಕೊಳ್ಳಿ, ಕಣ್ಣು ಹೊಂದಿಕೊಳ್ಳಲಿ. ದೊಡ್ಡ ಸೂಟ್‌ಕೇಸ್ ಹಿಡಿದುಕೊಂಡು ಬರಬೇಡಿ, ಸ್ಟೇಷನ್ನಿನ ಲಾಕರ್‌ನಲ್ಲಿ ಇಟ್ಟು ಬನ್ನಿ. ಇಯರ್‌ಫೋನ್ ಮಾತ್ರ ಮರೆಯಬೇಡಿ. ಆಡಿಯೋ ಗೈಡ್ ಫೋನಿನಲ್ಲೇ ಕೇಳಬಹುದು.

ಮೊದಲು ಹಡಗಿಗೆ ಬೆನ್ನು ಮಾಡಿ

ಹೇಳಲು ವಿಚಿತ್ರ ಅನಿಸುತ್ತದೆ, ಆದರೂ ಮಾಡಿ ನೋಡಿ. ಬಾಗಿಲು ದಾಟಿದ ಕೂಡಲೇ ಹಡಗು ಎದುರಿಗೇ ನಿಂತಿರುತ್ತದೆ. ಒಂದು ನಿಮಿಷ ನೋಡಿ, ಬಾಯಿ ಬಿಟ್ಟು ನೋಡಿ. ಆಮೇಲೆ ಅದನ್ನು ಬಿಟ್ಟು ಸಿನಿಮಾ ಹಾಲ್‌ಗೆ ಹೋಗಿ. ಕಾಲು ಗಂಟೆಯ ಚಿತ್ರ ಅದು. ಮುಳುಗಿದ್ದು, ಎತ್ತಿದ್ದು ಎರಡೂ ಅದರಲ್ಲಿವೆ. ನಿಮ್ಮ ಮನೆಯ ಹಿರಿಯರಿಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ಎತ್ತುವ ದೃಶ್ಯಗಳಿಗೆ ಭಾಷೆ ಬೇಡ.

ಅದಾದ ಮೇಲೆ ಹತ್ತನೇ ಒಂದು ಅಳತೆಯ ಮಾದರಿಯ ಹತ್ತಿರ ಬನ್ನಿ. ಎಲ್ಲ ಹಾಯಿ ಬಿಚ್ಚಿ, ಬಣ್ಣ ಬಳಿದು ಇಟ್ಟಿದ್ದಾರೆ. ಅಸಲಿ ಹಡಗು ಈಗ ಕಪ್ಪು. ಮಾದರಿ ನೋಡಿದರೆ ಕಣ್ಣು ಕುಕ್ಕುವ ಕೆಂಪು, ಹಸಿರು, ಚಿನ್ನದ ಬಣ್ಣ. ಒಂದು ಕಾಲಕ್ಕೆ ವಾಸಾ ನೀಲಿ ಇತ್ತು ಅಂತ ತಿಳಿದಿದ್ದರು. ಮರಕ್ಕೆ ಅಂಟಿ ಉಳಿದ ಬಣ್ಣದ ಕಣಗಳನ್ನು ಪರೀಕ್ಷಿಸಿದ ಮೇಲೆ ಕೆಂಪು ಅಂತ ಗೊತ್ತಾಯಿತು. ನಮ್ಮ ಕಡೆಯ ದೇವಸ್ಥಾನದ ಗೋಪುರದ ಗಾರೆ ಗೊಂಬೆಗಳಿಗೆ ಹೊಸದಾಗಿ ಬಣ್ಣ ಹೊಡೆದಾಗ ಹೇಗಿರುತ್ತದೆ, ಥೇಟ್ ಹಾಗೆ. ನಮ್ಮತ್ತೆ ಅದನ್ನು ನೋಡಿ, "ಇವರಿಗೂ ನಮ್ಮ ಹಾಗೇ ಬಣ್ಣದ ಹುಚ್ಚು" ಅಂದಿದ್ದರು.

ಈಗ ಕಿಂಡಿಗಳನ್ನು ನೋಡಿ

ಹಡಗಿನ ಪಕ್ಕಕ್ಕೆ ಬನ್ನಿ. ಎರಡು ಸಾಲು ಚೌಕ ಕಿಂಡಿಗಳು ಕಾಣುತ್ತವೆ. ಇಡೀ ಮ್ಯೂಸಿಯಂನಲ್ಲಿ ನೀವು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು.

ವಾಸಾದಲ್ಲಿ ಇದ್ದದ್ದು 64 ಫಿರಂಗಿ. ಅದರಲ್ಲಿ 48 ದೊಡ್ಡವು, ಒಂದೊಂದೂ ಒಂದು ಟನ್ನಿಗಿಂತ ಭಾರದ ಕಂಚು. ಇವು ಕೆಳ ಡೆಕ್‌ನಲ್ಲಿ, ಅಂದರೆ ಹಡಗಿನ ಕೆಳ ಅಂತಸ್ತಿನಲ್ಲಿ ಮಾತ್ರ ಇರಲಿಲ್ಲ. ಮೇಲಿನ ಡೆಕ್‌ನಲ್ಲೂ ಅಷ್ಟೇ ದೊಡ್ಡ ಫಿರಂಗಿಗಳು. ಹಾಗಾದರೆ ಫಿರಂಗಿಯ ಭಾರಕ್ಕೇ ಮುಳುಗಿತಾ? ಅದೊಂದೇ ಅಲ್ಲ. ಫಿರಂಗಿ ಹೊರಲು ಮೇಲಿನ ಡೆಕ್‌ಗಳನ್ನು ದಪ್ಪ ತೊಲೆ ಹಾಕಿ ಗಟ್ಟಿಯಾಗಿ ಕಟ್ಟಿದ್ದರು. ನೀರಿನ ಮೇಲಿದ್ದ ಮರದ ಭಾರವೇ ಜಾಸ್ತಿ ಆಯಿತು. ಕೆಳಗಿನ ಹೊಟ್ಟೆ ಮಾತ್ರ ಕಿರಿದು.

ಹಾಗಾದರೆ ವಾಲದ ಹಾಗೆ ತಳದಲ್ಲಿ ಇನ್ನಷ್ಟು ಕಲ್ಲು ತುಂಬಬಹುದಿತ್ತಲ್ಲ ಅಂತ ಯಾರಾದರೂ ಕೇಳುತ್ತಾರೆ. ಮಂಗಳೂರಿನ ಮಂಜಿಗಳನ್ನು, ಅಂದರೆ ಸರಕು ಸಾಗಿಸುವ ಮರದ ಹಡಗುಗಳನ್ನು ನೋಡಿದವರು ಖಂಡಿತ ಕೇಳುತ್ತಾರೆ. ಸುಮಾರು 120 ಟನ್ ಕಲ್ಲು ತುಂಬಿದ್ದರು. ಇನ್ನಷ್ಟು ತುಂಬಿದ್ದರೆ ಹಡಗು ಇನ್ನೂ ಕೆಳಗೆ ಇಳಿಯುತ್ತಿತ್ತು, ಆಗಲೇ ನೀರಿಗೆ ಹತ್ತಿರ ಇದ್ದ ಕೆಳಸಾಲಿನ ಕಿಂಡಿಗಳು ಇನ್ನಷ್ಟು ಹತ್ತಿರ ಬರುತ್ತಿದ್ದವು. ಆ ಕಡೆ ಹೋದರೆ ವಾಲುತ್ತದೆ, ಈ ಕಡೆ ಬಂದರೆ ಮುಳುಗುತ್ತದೆ.

ಮಕ್ಕಳಿಗೆ ಇದನ್ನು ಹೇಳಲು ಸುಲಭದ ದಾರಿ ಹುಲ್ಲಿನ ಗಾಡಿ. ಎತ್ತರಕ್ಕೆ ಹುಲ್ಲು ಹೇರಿದ ಗಾಡಿ ಸಪಾಟು ರಸ್ತೆಯಲ್ಲಿ ಚೆನ್ನಾಗೇ ಹೋಗುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು. ವಾಸಾಗೆ ಗಾಳಿಯೇ ಆ ಗುಂಡಿ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಹಡಗಿನೊಳಗೆ ಬಡಗಿಗಳ ಅಳತೆಪಟ್ಟಿಗಳು ಸಿಕ್ಕಿವೆ. ಕೆಲವು ಸ್ವೀಡನ್ನಿನ ಅಡಿಯಲ್ಲಿ, ಕೆಲವು ಆಮ್‌ಸ್ಟರ್‌ಡ್ಯಾಮ್ ಅಡಿಯಲ್ಲಿ. ಸ್ವೀಡನ್ನಿನ ಅಡಿಗೆ ಹನ್ನೆರಡು ಇಂಚು, ಆಮ್‌ಸ್ಟರ್‌ಡ್ಯಾಮಿನದಕ್ಕೆ ಹನ್ನೊಂದೇ ಇಂಚು. ಹಡಗಿನ ಎರಡು ಬದಿಗಳು ಒಂದೇ ಸಮ ಇಲ್ಲ ಅನ್ನುವುದೂ ಈಚಿನ ಅಳತೆಗಳಲ್ಲಿ ಗೊತ್ತಾಗಿದೆ. ಮನೆ ಕಟ್ಟಿಸುವಾಗ ಇಬ್ಬರು ಮೇಸ್ತ್ರಿಗಳು ಬೇರೆಬೇರೆ ಟೇಪ್ ಹಿಡಿದರೆ ಏನಾಗುತ್ತದೆ ಅಂತ ಕಟ್ಟಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗೊಂಬೆಗಳು: ಎಲ್ಲವನ್ನೂ ನೋಡಬೇಡಿ

ಹಡಗಿನ ಮೈತುಂಬ ನೂರಾರು ಕೆತ್ತನೆಗಳಿವೆ. ಎಲ್ಲವನ್ನೂ ನೋಡಲು ಹೋದರೆ ಯಾವುದೂ ನೆನಪಿರುವುದಿಲ್ಲ. ನಾನು ನಾಲ್ಕನ್ನು ತೋರಿಸುತ್ತೇನೆ.

ಮೂತಿಯಲ್ಲಿ ನೆಗೆಯುತ್ತಿರುವ ಸಿಂಹ. ಅದರ ಹಿಂದೆ ಬದಿಗಳಲ್ಲಿ ಸಾಲಾಗಿ ನಿಂತ ರೋಮ್ ಚಕ್ರವರ್ತಿಗಳು, ಒಟ್ಟು ಇಪ್ಪತ್ತು ಜನ. ಸಾಲು ಟೈಬೀರಿಯಸ್‌ನಿಂದ ಶುರು, ಮೊದಲ ಚಕ್ರವರ್ತಿ ಆಗಸ್ಟಸ್ ಇಲ್ಲ. ಆ ಜಾಗ ಗುಸ್ತಾವ್ ಅಡಾಲ್ಫ್‌ನದೇ ಅಂತ ಅರ್ಥ. ಹೊಗಳಿಕೆಯನ್ನು ಹೀಗೂ ಮಾಡಬಹುದು! ಮೂರನೆಯದನ್ನು ಹುಡುಕಬೇಕು: ಮುಂಭಾಗದಲ್ಲಿ ಬೆಂಚಿನ ಕೆಳಗೆ ಮುದುರಿ ಕೂತ ಒಬ್ಬ ಪೋಲೆಂಡಿನ ಶ್ರೀಮಂತ. ಶತ್ರುವಿಗೆ ಅವಮಾನ. ಅಲ್ಲೇ ಹತ್ತಿರ ನಾವಿಕರು ಕೂರುತ್ತಿದ್ದ ಪೆಟ್ಟಿಗೆಯಂಥ ಎರಡು ಕಕ್ಕಸುಗಳಿವೆ. ಮಕ್ಕಳು ಇಡೀ ಮ್ಯೂಸಿಯಂ ಮರೆತರೂ ಇದನ್ನು ಮರೆಯುವುದಿಲ್ಲ, ನಾನು ಗ್ಯಾರಂಟಿ ಕೊಡುತ್ತೇನೆ.

ನಾಲ್ಕನೆಯದು ಹಿಂಭಾಗ. ಮೇಲಿನ ಮಹಡಿಗೆ ಹೋಗಿ ನೋಡಿ, ಕೆಳಗಿನಿಂದ ಕುತ್ತಿಗೆ ನೋವು ಬರುತ್ತದೆ. ತೇರಿನ ಹಿಂದೆ ನಿಂತ ಹಾಗೆ ಅನಿಸುತ್ತದೆ. ತುದಿಯಲ್ಲಿ ಎರಡು ಗ್ರಿಫಿನ್‌ಗಳು ಉದ್ದ ಕೂದಲಿನ ಒಬ್ಬ ಹುಡುಗನಿಗೆ ಕಿರೀಟ ತೊಡಿಸುತ್ತಿವೆ. ಗ್ರಿಫಿನ್ ಅಂದರೆ ಹದ್ದಿನ ತಲೆ, ಸಿಂಹದ ಮೈ. ಗಂಡಭೇರುಂಡ ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ. ಆ ಹುಡುಗ ರಾಜನೇ.

ಒಂದು ಮಾತು. ಹಡಗಿನ ಒಳಗೆ ಹತ್ತಲು ಬಿಡುವುದಿಲ್ಲ, ಯಾರಿಗೂ. ಅದರ ಬದಲು ಮೇಲಿನ ಫಿರಂಗಿ ಡೆಕ್ಕಿನ ಒಂದು ಭಾಗವನ್ನು ಅಸಲಿ ಅಳತೆಯಲ್ಲೇ ಕಟ್ಟಿಟ್ಟಿದ್ದಾರೆ. ಅದರೊಳಗೆ ಓಡಾಡಬಹುದು. 300 ಸೈನಿಕರು, 145 ನಾವಿಕರು ಇರಬೇಕಾಗಿದ್ದ ಹಡಗು ಇದು. ಅಲ್ಲಿ ನಿಂತು ಆ ಸಂಖ್ಯೆ ನೆನೆಸಿಕೊಳ್ಳಿ. ಪುಣ್ಯಕ್ಕೆ ಸೈನಿಕರು ಮುಂದಿನ ನಿಲ್ದಾಣದಲ್ಲಿ ಹತ್ತಬೇಕಿತ್ತು.

ಮರ ಹೇಗೆ ಉಳಿಯಿತು

333 ವರ್ಷ ನೀರಿನಲ್ಲಿದ್ದ ಮರ ಕೊಳೆಯದೆ ಹೇಗೆ ಉಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಕೇಳಿದರೆ ಕರಾವಳಿಯವರಿಗೆ ಹೊಟ್ಟೆಕಿಚ್ಚು ಬರುತ್ತದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಮರ ಕೊರೆಯುವ ಹುಳು ಉಂಟು, ದೋಣಿಯ ಅಡಿಯನ್ನು ಜರಡಿ ಮಾಡಿಬಿಡುತ್ತದೆ. ಆ ಹುಳುವಿಗೆ ಉಪ್ಪು ಬೇಕು. ಸ್ಟಾಕ್‌ಹೋಮ್‌ನ ನೀರಿನಲ್ಲಿ ಅಷ್ಟು ಉಪ್ಪಿಲ್ಲ, ಹಾಗಾಗಿ ಹುಳುವೂ ಇಲ್ಲ. ಜೊತೆಗೆ ನೀರು ತಣ್ಣಗೆ, ತಳದಲ್ಲಿ ಆಮ್ಲಜನಕ ಕಡಿಮೆ. ಇಡೀ ಊರಿನ ಕೊಳಚೆ ಬಂದರಿಗೇ ಬರುತ್ತಿತ್ತು. ಆ ಗಲೀಜು ಹಡಗನ್ನು ಕಾಪಾಡಿತು. ಅದೇ ಗಲೀಜಿನ ಗಂಧಕ ಮರದೊಳಗೆ ಸೇರಿ, 2000ದಲ್ಲಿ ಹಳದಿ ಉಪ್ಪಾಗಿ ಹೊರಗೆ ಬಂತು. ಉಪಕಾರ ಮಾಡಿದವರು ಸಾಲ ವಸೂಲಿಗೆ ಬಂದ ಹಾಗೆ.

ಹುಳು ಇಲ್ಲ ಅನ್ನುವ ಈ ಸಂಗತಿಯನ್ನು ಹಿಡಿದುಕೊಂಡೇ ಆಂಡರ್ಸ್ ಫ್ರಾನ್ಸೆನ್ ಹಳೆಯ ಹಡಗುಗಳನ್ನು ಹುಡುಕಲು ಹೊರಟ. ಅವನು ಪುರಾತತ್ವದವನಲ್ಲ, ನೌಕಾಪಡೆಯಲ್ಲಿ ಇಂಧನದ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಹಳೆಯ ಕಾಗದಪತ್ರ ಓದಿ, ರಜೆಯಲ್ಲಿ ಬೋಟು ತೆಗೆದುಕೊಂಡು, ತಾನೇ ಮಾಡಿಸಿದ ಒಂದು ಉಪಕರಣವನ್ನು ನೀರಿಗೆ ಇಳಿಬಿಡುತ್ತಿದ್ದ. ತಳಕ್ಕೆ ಬಡಿದಾಗ ಅದು ಸಿಕ್ಕಿದ್ದನ್ನು ಚುಚ್ಚಿ ಒಂದು ಚೂರು ತರುತ್ತದೆ. 1956ರ ಆಗಸ್ಟ್‌ನಲ್ಲಿ ಅದರಲ್ಲಿ ಕಪ್ಪು ಓಕ್ ಮರದ ಚೂರು ಬಂತು. ಮುಳುಗುಗಾರ ಪರ್ ಎಡ್ವಿನ್ ಫೆಲ್ಟಿಂಗ್ 32 ಮೀಟರ್ ಕೆಳಗೆ ಕತ್ತಲಲ್ಲಿ ಕೈಯಿಂದ ತಡವಿ ಹೇಳಿದ, ಎರಡು ಸಾಲು ಕಿಂಡಿ ಇವೆ ಅಂತ. ಅದು ವಾಸಾ ಅಂತ ಅಲ್ಲಿಗೆ ನಿಶ್ಚಯವಾಯಿತು.

ಹಡಗಿನ ಅಡಿಯಲ್ಲಿ ಕೆಸರನ್ನು ಕೊರೆದು ಆರು ಸುರಂಗ ಮಾಡಿದರು. ತಲೆಯ ಮೇಲೆ ಕಲ್ಲು ತುಂಬಿದ ಮುನ್ನೂರು ವರ್ಷದ ಹಡಗು, ಸುತ್ತ ಕತ್ತಲೆ, ಕೈಯಲ್ಲಿ ನೀರು ಚಿಮ್ಮುವ ಪೈಪು. ಆ ಕೆಲಸ ಮಾಡಿದ ಒಬ್ಬ ಮುಳುಗುಗಾರನೂ ಸಾಯಲಿಲ್ಲ. ಸುರಂಗದಲ್ಲಿ ಉಕ್ಕಿನ ಹಗ್ಗ ತೂರಿಸಿ, ತೇಲುವ ತೆಪ್ಪಗಳಿಗೆ ಕಟ್ಟಿ, ಇಷ್ಟಿಷ್ಟೇ ಮೇಲೆತ್ತುತ್ತ ಬಂದರು. 1961ರ ಏಪ್ರಿಲ್ 24ರಂದು ಅದು ನೀರಿನಿಂದ ಮೇಲೆ ಬಂತು. ಒಳಗಿನ ನೀರು ಖಾಲಿ ಮಾಡಿದ ಮೇಲೆ, ಡ್ರೈ ಡಾಕ್‌ಗೆ (ಹಡಗನ್ನು ಒಳಗೆ ತಂದು ನೀರು ಖಾಲಿ ಮಾಡುವ ಕಟ್ಟೆ) ತನ್ನ ತಳದ ಮೇಲೆ ತಾನೇ ತೇಲಿಕೊಂಡು ಹೋಯಿತು. ಮೊದಲ ಸಲ ಮಾಡಲಾಗದ್ದನ್ನು ಎರಡನೇ ಸಲ ಮಾಡಿತು ಅಂತ ನಮ್ಮ ಮಾವ ಅಂದದ್ದು ಈ ಜಾಗದಲ್ಲಿ.

ಅಷ್ಟಕ್ಕೆ ಮುಗಿಯಲಿಲ್ಲ. ನೀರು ಕುಡಿದ ಮರವನ್ನು ಹಾಗೇ ಒಣಗಲು ಬಿಟ್ಟರೆ ಬಾಳಕದ ಮೆಣಸಿನಕಾಯಿಯ ಹಾಗೆ ಮುರುಟಿ ಬಿರಿಯುತ್ತದೆ. ನೀರಿನ ಜಾಗಕ್ಕೆ ಬೇರೆ ಏನಾದರೂ ತುಂಬಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಮೇಣದಂಥ ವಸ್ತುವನ್ನು ನೀರಿನಲ್ಲಿ ಕಲಸಿ ಹಡಗಿನ ಮೇಲೆ ಸಿಂಪಡಿಸಿದರು. ಎಷ್ಟು ದಿನ? 17 ವರ್ಷ. 1962ರಿಂದ 1979ರವರೆಗೆ. ಮುಖದ ಕ್ರೀಮುಗಳಲ್ಲೂ ಇದೇ ಜಾತಿಯ ವಸ್ತು ಇರುತ್ತದೆ. ಈ ಮ್ಯೂಸಿಯಂ ಕಟ್ಟಡ ತೆರೆದದ್ದು 1990ರಲ್ಲಿ. ಈಗ ನೀವು ನೋಡುವ ಹಡಗಿನಲ್ಲಿ ಶೇಕಡಾ 98 ಭಾಗ ಅಸಲಿ ಮರ.

ಇತ್ತೀಚೆಗೆ ಹೋದವರು, ಹಡಗಿನ ಕೆಳಗೆ ಏನೋ ಕೆಲಸ ನಡೆಯುತ್ತಿದೆ ಅನ್ನುತ್ತಾರೆ. ಹೌದು. ನೀರಿನಲ್ಲಿ ತೇಲಬೇಕಾದ ವಸ್ತುವನ್ನು ನೆಲದ ಮೇಲೆ ನಿಲ್ಲಿಸಿದರೆ ಅದರ ಭಾರಕ್ಕೇ ಅದು ಕುಸಿಯುತ್ತದೆ. ತುಕ್ಕು ಹಿಡಿದ ಸಾವಿರಾರು ಬೋಲ್ಟುಗಳನ್ನು ಕೆಲವು ವರ್ಷದ ಹಿಂದೆ ಬದಲಾಯಿಸಿದ್ದರು. 2024ರಿಂದ ಕೆಳಗಿನ ಆಧಾರಗಳನ್ನೇ ಬದಲಾಯಿಸುತ್ತಿದ್ದಾರೆ. ಅಡ್ಡ ಬಂತಲ್ಲ ಅಂತ ಬೇಸರ ಬೇಡ, ಅದನ್ನೂ ನಿಂತು ನೋಡಿ.

ಕೆಳ ಮಹಡಿ, ಕೊನೆಗೆ

ಸತ್ತವರ ಅಸ್ಥಿಪಂಜರಗಳನ್ನು ಕೆಳಗೆ ಇಟ್ಟಿದ್ದಾರೆ. ಮೂಳೆಗಳ ಆಧಾರದ ಮೇಲೆ ಕೆಲವರ ಮುಖಗಳನ್ನೂ ಮಾಡಿದ್ದಾರೆ. ಚಿಕ್ಕ ಮಕ್ಕಳು, ಮನಸ್ಸು ಮೆತ್ತಗಿರುವ ಹಿರಿಯರು ಇದ್ದರೆ ಮೊದಲೇ ಕೇಳಿಕೊಂಡು ಕರೆದುಕೊಂಡು ಹೋಗಿ. ನಮ್ಮತ್ತೆ ಬರಲಿಲ್ಲ, ಮೇಲೆ ಬೆಂಚಿನ ಮೇಲೆ ಕೂತಿದ್ದರು. ಲಿಫ್ಟ್ ಇದೆ, ಮೆಟ್ಟಿಲಿನ ಚಿಂತೆ ಇಲ್ಲ.

ಜಿ ಅನ್ನುವ ಅಕ್ಷರ ಕೊಟ್ಟಿದ್ದ ಒಂದು ಅಸ್ಥಿಪಂಜರ ಇದೆ. ಬಹಳ ವರ್ಷ ಅದನ್ನು ಗಂಡಸಿನದು ಅಂತಲೇ ಇಟ್ಟಿದ್ದರು, ಗುಸ್ತಾವ್ ಅಂತ ಕರೆಯುತ್ತಿದ್ದರು. ಡಿಎನ್‌ಎ ಪರೀಕ್ಷೆ ಮಾಡಿದಾಗ ಅದು ಹೆಣ್ಣು ಅಂತ ಖಚಿತವಾಯಿತು. 2023ರಲ್ಲಿ ಈ ಸುದ್ದಿ ಬಂತು. ಅವಳ ಅಸಲಿ ಹೆಸರು ಯಾರಿಗೂ ಗೊತ್ತಿಲ್ಲ.

ಕೆಳಗೆ ಇರುವಾಗಲೇ ಒಮ್ಮೆ ಹಡಗಿನ ತಳದ ಹತ್ತಿರ ನಿಂತು ಮೇಲೆ ನೋಡಿ. ಹೊಟ್ಟೆ ಎಷ್ಟು ಕಿರಿದು, ಮೇಲಿನ ಮನೆ ಎಷ್ಟು ಎತ್ತರ ಅನ್ನುವುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಮೇಲೆ ಕಿಂಡಿಗಳ ಹತ್ತಿರ ಹೇಳಿದ್ದು ಅರ್ಥವಾಗದವರಿಗೂ ಇಲ್ಲಿ ಅರ್ಥವಾಗುತ್ತದೆ.

ಊಟ, ಮತ್ತೆ ಹೊರಗೆ

ಒಳಗೆ ರೆಸ್ಟೋರೆಂಟ್ ಇದೆ. ಸಸ್ಯಾಹಾರ ಸಿಗುತ್ತದೆ, ಬೆಲೆ ಸ್ಟಾಕ್‌ಹೋಮ್ ಬೆಲೆ. ನಾವು ಬೇಸಿಗೆಯಲ್ಲಿ ಚಪಾತಿ ಪಲ್ಯ, ಮೊಸರನ್ನ ಕಟ್ಟಿಕೊಂಡು ಹೋಗಿ ಹೊರಗೆ ನೀರಿನ ಪಕ್ಕ ಹುಲ್ಲಿನ ಮೇಲೆ ತಿನ್ನುತ್ತೇವೆ. ಬಾತುಕೋಳಿಗಳು ಪಾಲು ಕೇಳಲು ಬರುತ್ತವೆ.

ಇನ್ನೂ ಕಾಲಿನಲ್ಲಿ ಶಕ್ತಿ ಇದ್ದರೆ ಹತ್ತಿರದಲ್ಲೇ ವ್ರಾಕ್ ಅನ್ನುವ ಚಿಕ್ಕ ಮ್ಯೂಸಿಯಂ ಇದೆ, 2021ರಲ್ಲಿ ತೆರೆದದ್ದು. ಬಾಲ್ಟಿಕ್ ಸಮುದ್ರದ ತಳದಲ್ಲೇ ಉಳಿದ ಹಡಗುಗಳ ಕಥೆ ಅಲ್ಲಿದೆ. ವಾಸಾದ ಜೊತೆಯ ಹಡಗು ಎಪ್ಲೆಟ್ ಕೂಡ 2021ರಲ್ಲೇ ಸ್ಟಾಕ್‌ಹೋಮ್ ಪಕ್ಕದ ವಾಕ್ಸ್‌ಹೋಲ್ಮ್ ಊರಿನ ಹತ್ತಿರ ಸಿಕ್ಕಿತು. ವಾಸಾ ನೋಡಿ ಬುದ್ಧಿ ಕಲಿತು ಅದನ್ನು ಸ್ವಲ್ಪ ಅಗಲ ಮಾಡಿದ್ದರಂತೆ, ಅದು ಮುಳುಗಲಿಲ್ಲ. ಹಳೆಯದಾದ ಮೇಲೆ ಅವರೇ ಮುಳುಗಿಸಿದರು.

ಮರಳುವಾಗಲೂ ಬೋಟನ್ನೇ ಹಿಡಿದು ಸ್ಲುಸ್ಸೆನ್‌ನಲ್ಲಿ ಇಳಿಯಿರಿ. ಅಲ್ಲಿಂದ ಬಂಡೆಯ ಮೇಲಿನ ಫ್ಯೆಲ್‌ಗಾತನ್ ಬೀದಿಗೆ ಹತ್ತಿ. ಇಡೀ ಬಂದರು ಕೆಳಗೆ ಹರಡಿಕೊಂಡಿರುತ್ತದೆ: ಎಡಕ್ಕೆ ಅರಮನೆಯ ದಡ, ಎದುರಿಗೆ ಯೂರ್‌ಗೋರ್ಡೆನ್, ಅದರ ಪಕ್ಕ ಬೆಕ್‌ಹೋಲ್ಮೆನ್. ಹೊರಟ ಜಾಗ, ಮುಳುಗಿದ ಜಾಗ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಡಿಸೆಂಬರ್‌ನಲ್ಲಿ ಬರುವವರು ಮ್ಯೂಸಿಯಂನಿಂದ ಒಂದೂವರೆಗೇ ಹೊರಬೀಳಿ, ಮೂರು ಗಂಟೆಗೆಲ್ಲ ಕತ್ತಲಾಗುತ್ತದೆ.